ಎತ್ತು ಸಾಕಿದ ಕೈಗೆ ಕುದುರೆ ಬಂದಾಗ

ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯಿಂದ ಲಾಯದ ಕೆಲಸಕ್ಕೆ ಬರುವ ಹುಡುಗರಲ್ಲಿ ಹೆಚ್ಚಿನವರು ಒಕ್ಕಲುತನದ ಮನೆಯವರು. ದನ ನೋಡಿಕೊಳ್ಳುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕುದುರೆಯ ಮುಂದೆ ಆ ತಿಳಿವಳಿಕೆಯೇ ಕೆಲವು ಸಲ ಅಪಾಯ ತರುತ್ತದೆ. ಹಾಗಾಗಿ ನಾವು ಮೊದಲು ಕಲಿಸುವುದು ಎತ್ತಿಗೂ ಕುದುರೆಗೂ ಎಲ್ಲೆಲ್ಲಿ ವ್ಯತ್ಯಾಸ ಅನ್ನುವುದನ್ನೇ. ಮದುವೆ ಮೆರವಣಿಗೆಗೆಂದೋ ಸವಾರಿಗೆಂದೋ ಮೊದಲ ಸಲ ಕುದುರೆ ಕೊಳ್ಳುವವರಿಗೂ ಇದೇ ಪಾಠ.

ಹೊಟ್ಟೆಯಿಂದ ಶುರು ಮಾಡೋಣ. ಎತ್ತು ಗಬಗಬನೆ ತಿಂದು ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿಲ್ಲ, ಅಗಿಯುವುದು ಒಂದೇ ಸಲ. ಹೊಟ್ಟೆಯ ಚೀಲ ಚಿಕ್ಕದು, 8ರಿಂದ 15 ಲೀಟರ್ ಹಿಡಿದರೆ ಹೆಚ್ಚು. ಮೇವಿನ ನಾರು ಹುದುಗು ಬಂದು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಎಲ್ಲಕ್ಕಿಂತ ಮುಖ್ಯ, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದ ಕೆಟ್ಟ ಮೇವು ಇಡೀ ಕರುಳು ದಾಟಿಯೇ ಹೊರಬರಬೇಕು. ಬಯಲಲ್ಲಿ ಬಿಟ್ಟರೆ ಕುದುರೆ ದಿನಕ್ಕೆ 14–16 ತಾಸು ಮೇಯುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗ್ವಾದಲಿ ತುಂಬಿಸಿ ಸುಮ್ಮನಾಗುವ ಅಭ್ಯಾಸ ಇಲ್ಲಿ ನಡೆಯದು. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಹಾಕಬೇಕು.

ಎಷ್ಟು ಹಾಕಬೇಕೆಂದು ತಿಳಿಯಲು ತೂಕ ಗೊತ್ತಿರಬೇಕು. ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ತೂಕ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 150, ಉದ್ದ 145 ಇದ್ದರೆ ಸುಮಾರು 275 ಕಿಲೋ. ನೀರಿನಂಶ ಬಿಟ್ಟು ಒಣ ಲೆಕ್ಕದಲ್ಲಿ ದಿನದ ಮೇವು ತೂಕದ ನೂರಕ್ಕೆ 2ರಷ್ಟು, ಅಂದರೆ ಐದೂವರೆ ಕಿಲೋ. ಇದರಲ್ಲಿ ಹೆಚ್ಚಿನ ಪಾಲು ಹುಲ್ಲೇ ಇರಬೇಕು. ಕರಿಕೆ ಹುಲ್ಲು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಹುರುಳಿಯನ್ನು ರಾತ್ರಿ ನೆನೆಸಿ, ಬೇಯಿಸಿ, ಆರಿಸಿ ಕೊಡಿ. ಹಗುರ ಕೆಲಸದ ಇಷ್ಟು ತೂಕದ ಕುದುರೆಗೆ ಕಾಳು, ಬೂಸಾ ಎಲ್ಲ ಸೇರಿ ದಿನಕ್ಕೆ 1ರಿಂದ ಒಂದೂವರೆ ಕಿಲೋ ಸಾಕು, ಅದೂ ಎರಡು ಮೂರು ಹೊತ್ತಿಗೆ ಹಂಚಿ. ಕೆಲಸವಿಲ್ಲದೆ ನಿಂತ ಕುದುರೆಗೆ ಹುಲ್ಲೇ ಸಾಕು. ಪ್ರೀತಿಯಿಂದ ಹೆಚ್ಚು ಹುರುಳಿ ಸುರಿಯುವವರೇ ಬಹಳ; ಅದರಿಂದ ಹೊಟ್ಟೆಶೂಲೆಯೂ ಬರುತ್ತದೆ, ಗೊರಸಿನೊಳಗೆ ಉರಿಯೂತವಾಗಿ ಕಾಲೂ ಹೋಗುತ್ತದೆ. ದಿನಕ್ಕೆ 25–30 ಗ್ರಾಂ ಉಪ್ಪು ಇರಲಿ.

ನಮ್ಮ ಕಡೆಯ ಮೇವಿನಲ್ಲಿ ನೋಡಿಕೊಳ್ಳಬೇಕಾದದ್ದು ಕೆಲವಿದೆ. ಜೋಳದ ಕಣಿಕಿಯ ದಪ್ಪ ದಂಟು ಕರುಳಲ್ಲಿ ಸಿಕ್ಕಿಕೊಳ್ಳಬಹುದು, ಸಣ್ಣಗೆ ಕತ್ತರಿಸಿ ಬೇರೆ ಹುಲ್ಲಿನ ಜೊತೆ ಬೆರೆಸಿ. ಹಸಿ ಜೋಳದಲ್ಲಿ ಕುದುರೆಯನ್ನು ಮೇಯಲು ಬಿಡಲೇಬೇಡಿ. ವಾರಗಟ್ಟಲೆ ತಿಂದರೆ ಮೂತ್ರಕೋಶ ಕೆಟ್ಟು ಹಿಂಗಾಲು ತೂರಾಡುತ್ತವೆ. ಕಾಲುವೆ ಸೀಮೆಯ ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ಮಳೆಗೆ ನೆಂದು ಬೂಷ್ಟು ಹಿಡಿದಿದ್ದರೆ ಎತ್ತು ತಡೆದುಕೊಂಡೀತು, ಕುದುರೆ ತಡೆಯುವುದಿಲ್ಲ. ಬೂಷ್ಟು ಹಿಡಿದ ಶೇಂಗಾ ಹಿಂಡಿಯೂ ಹಾಗೆಯೇ. ಕೋಳಿ ಆಹಾರವನ್ನೂ, ಏನೇನು ಬೆರೆಸಿದೆ ಎಂದು ಗೊತ್ತಿಲ್ಲದ ದನದ ಆಹಾರವನ್ನೂ ಹಾಕಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಎಂಬ ಔಷಧ ಇರುತ್ತದೆ, ಸ್ವಲ್ಪವೇ ಆದರೂ ಕುದುರೆಯ ಹೃದಯದ ಸ್ನಾಯು ಹಾಳಾಗಿ ಸಾಯುತ್ತದೆ. ಮೇವು ಬದಲಿಸುವಾಗ 7–10 ದಿನ ಹಳೆಯದರ ಜೊತೆ ಹೊಸದನ್ನು ಬೆರೆಸುತ್ತ ಬನ್ನಿ.

ನೀರು ದಿನಕ್ಕೆ 25–40 ಲೀಟರ್. ಏಪ್ರಿಲ್–ಮೇ ತಿಂಗಳ ಬಿಸಿಲಲ್ಲಿ ದುಡಿದರೆ ಇದಕ್ಕಿಂತ ಬಹಳ ಹೆಚ್ಚು ಬೇಕು. ಭುಜದ ಚರ್ಮ ಚಿವುಟಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಮೊದಲಿನಂತಾಗದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ.

ಹೊಟ್ಟೆಶೂಲೆಯನ್ನು ಗುರುತಿಸುವುದು ಲಾಯದಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ. ಕುದುರೆ ದಿನಕ್ಕೆ 8–12 ಸಲ ಲದ್ದಿ ಹಾಕುತ್ತದೆ. ಬೆಳಿಗ್ಗೆ ಕಸ ಹೊಡೆಯುವಾಗ ಲದ್ದಿ ಎಣಿಸಿ. ಕಡಿಮೆ ಇದ್ದರೆ, ಗಟ್ಟಿಯಾಗಿದ್ದರೆ ಆಗಲೇ ಎಚ್ಚರಾಗಿ. ಮೇವು ಬಿಡುವುದು, ಪಕ್ಕೆ ತಿರುಗಿ ನೋಡುವುದು, ಮುಂಗಾಲಿಂದ ನೆಲ ಕೆರೆಯುವುದು, ಮಲಗಿ ಏಳುವುದು, ಹೊರಳುವುದು, ಬೆವರುವುದು ಇದರ ಲಕ್ಷಣಗಳು. ಕೆಳದವಡೆಯ ಅಂಚಿನಲ್ಲಿ ಬೆರಳಿಟ್ಟು ನಾಡಿ ನೋಡಿ. ಆರಾಮಿನಲ್ಲಿ ನಿಮಿಷಕ್ಕೆ 28–44 ಇರುತ್ತದೆ, 60 ದಾಟಿದರೆ ತಡ ಮಾಡುವಂತಿಲ್ಲ. ಮೇವು ತೆಗೆದು ವೈದ್ಯರಿಗೆ ಫೋನ್ ಮಾಡಿ, ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ. ಬರುವ ತನಕ ನಿಧಾನವಾಗಿ ಸ್ವಲ್ಪ ಹೊತ್ತು ನಡೆಸಬಹುದು, ಸುಸ್ತಾಗುವಷ್ಟು ಬೇಡ. ದನಕ್ಕೆ ಮಾಡುವ ಹಾಗೆ ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ಬಾಯಿಗೆ ಎಣ್ಣೆ ಕುಡಿಸಲೇಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆನೋವಿಗಿಂತ ಅದೇ ಕುದುರೆಯನ್ನು ಕೊಲ್ಲುತ್ತದೆ. ವೈದ್ಯರು ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿಯೇ ಔಷಧ ಹಾಕುತ್ತಾರೆ.

ಗೊರಸಿಗೆ ಬರೋಣ. ಎತ್ತಿನ ಗೊರಸು ಎರಡು ಸೀಳು, ಅದನ್ನು ನೆಲಕ್ಕೆ ಕೆಡವಿ ಕಾಲು ಕಟ್ಟಿ ಲಾಳ ಹೊಡೆಯುತ್ತಾರೆ. ಕುದುರೆಯದು ಒಂದೇ ಗೊರಸು, ನಿಂತ ಹಾಗೆಯೇ ಒಂದೊಂದು ಕಾಲು ಎತ್ತಿ ಹೊಡೆಯಬೇಕು. ಅದಕ್ಕೇ ದಿನಾ ಕಾಲು ಎತ್ತಿಸುವ ರೂಢಿ ಬೇಕು. ಕೊಕ್ಕೆಯಿಂದ ಮಣ್ಣು ತೆಗೆಯುವಾಗ ಹಿಮ್ಮಡಿಯಿಂದ ಮುಂದಕ್ಕೆ ಎಳೆಯಿರಿ. ನಡುವಿನ ಮೆತ್ತನೆಯ ತ್ರಿಕೋನಕ್ಕೆ ಮೊನೆ ತಾಗದಿರಲಿ. ಅದರ ಪಕ್ಕದ ಸಂದಿಯಲ್ಲಿ ಕಪ್ಪು ಜಿಡ್ಡು, ಕೆಟ್ಟ ವಾಸನೆ ಇದ್ದರೆ ಕಟ್ಟುವ ಜಾಗ ಒದ್ದೆ ಇದೆ ಎಂದರ್ಥ; ಮೊದಲು ನೆಲ ಒಣಗಿಸಿ. ಲಾಳ ಸವೆಯದಿದ್ದರೂ 6 ವಾರಕ್ಕೊಮ್ಮೆ ತೆಗೆದು ಗೊರಸು ಕತ್ತರಿಸಿ ಮತ್ತೆ ಹೊಡೆಸಬೇಕು, ಗೊರಸು ಬೆಳೆಯುತ್ತಲೇ ಇರುತ್ತದಲ್ಲ.

ಹತ್ತಿರ ಹೋಗುವಾಗ ಎಡ ಭುಜದ ಕಡೆಯಿಂದ, ಮಾತಾಡಿಸುತ್ತ ಹೋಗಿ. ನೇರ ಹಿಂದೆ, ನೇರ ಹಣೆಯ ಮುಂದೆ ಅದಕ್ಕೆ ಕಾಣುವುದಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆದರಿ ಓಡಿದರೆ ಬೆರಳು ಹೋಗುತ್ತವೆ. ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ.

ಧನುರ್ವಾಯು ದನಕ್ಕಿಂತ ಕುದುರೆಗೆ ಬಹಳ ಬೇಗ ತಗಲುತ್ತದೆ. ಸುಮಾರು ಒಂದು ತಿಂಗಳ ಅಂತರದಲ್ಲಿ ಎರಡು ಲಸಿಕೆ, ಆಮೇಲೆ ವರ್ಷಕ್ಕೊಂದು ಹಾಕಿಸಿ. ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗ ದನದಲ್ಲಿ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಕುದುರೆಯಲ್ಲಿ ಬಿಟ್ಟು ಬಿಟ್ಟು ಜ್ವರ, ರಕ್ತಹೀನತೆ, ಕಾಲು ಬಾವು ಬಂದು ಕೃಶವಾಗುತ್ತದೆ. ಹಾಗೆ ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಕೊಳ್ಳುವ ಮುಂಚೆ ಗ್ಲಾಂಡರ್ಸ್ ಪರೀಕ್ಷೆಯ ವರದಿ ಕೇಳಿ ಪಡೆಯಿರಿ. ಅದು ಮನುಷ್ಯರಿಗೂ ಅಂಟುವ ರೋಗ, ಕುದುರೆಗೆ ಚಿಕಿತ್ಸೆ ಕೊಡುವಂತಿಲ್ಲ, ದೃಢಪಟ್ಟರೆ ಕಾನೂನಿನ ಪ್ರಕಾರ ಅದನ್ನು ಕೊನೆಗಾಣಿಸುತ್ತಾರೆ. ವರದಿ ಕೈಗೆ ಬರುವ ತನಕ ಮುಂಗಡ ಕೊಡಬೇಡಿ, ಹೊಸ ಕುದುರೆಯನ್ನು ಹಳೆಯವುಗಳ ಜೊತೆ ಕಟ್ಟಬೇಡಿ, ಒಂದೇ ತೊಟ್ಟಿಯಲ್ಲಿ ನೀರೂ ಕುಡಿಸಬೇಡಿ.