ಐದನೆಯವನು
ಕಣದಲ್ಲಿ ಕಾಫಿ ಹರವುತ್ತಿದ್ದೆ. ಮೊಬೈಲ್ ಟಿಂಗ್ ಎಂದಿತು. ನಮ್ಮ ಐವರ ಗ್ಯಾಂಗಿನಲ್ಲಿ ನಾಲ್ವರು ಮಾಂದಲಪಟ್ಟಿಯಲ್ಲಿ ಜೀಪಿಗೊರಗಿ ನಿಂತ ಫೋಟೊ. ಐದನೆಯವನು ನಾನು, ಸೋಮವಾರಪೇಟೆಯಲ್ಲಿ.

ಸಿಟ್ಟು ಬರಬೇಕಿತ್ತು, ಮೊದಲು ಬಂದದ್ದು ನಾಚಿಕೆ. ಏನು ತಪ್ಪು ಮಾಡಿದೆನೋ ಎಂದು ಹಳೇ ಮೆಸೇಜುಗಳನ್ನೆಲ್ಲ ಕೆದಕಿದೆ. ಫೋಟೊಗೆ ಎಲ್ಲರಿಗಿಂತ ಮೊದಲು ಹೃದಯ ಒತ್ತಿದವನೂ ನಾನೇ! ಸಂಜೆ ಕಾಫಿಗೆ ಬೆಲ್ಲ ಜಾಸ್ತಿಯಾಯ್ತೆಂದು ಹೆಂಡತಿ ಮೇಲೆ ರೇಗಿದೆ. "ಯಾರ ಮೇಲಿನ ಸಿಟ್ಟು ಇದು?" ಎಂದಳು.

ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞರನ್ನು ಪಾರ್ಕಿನಲ್ಲಿ ಇಬ್ಬರು ಅಪರಿಚಿತರು ತಟ್ಟೆ ಎಸೆದಾಡುವ ಫ್ರಿಸ್ಬಿ ಆಟಕ್ಕೆ ಸೇರಿಸಿಕೊಂಡು, ಸ್ವಲ್ಪ ಹೊತ್ತಿಗೇ ಕೈಬಿಟ್ಟರಂತೆ. ಆ ಕಸಿವಿಸಿಯಿಂದ ಮುಂದೆ ಹುಟ್ಟಿದ್ದು ಸೈಬರ್‌ಬಾಲ್ ಎಂಬ ಕಂಪ್ಯೂಟರ್ ಆಟ. ತೆರೆಯ ಮೇಲಿನ ಇತರ ಆಟಗಾರರೊಡನೆ ಚೆಂಡು ಎಸೆದಾಡುತ್ತೀರಿ; ಆಡುತ್ತಾ ಆಡುತ್ತಾ ಚೆಂಡು ನಿಮ್ಮ ಕಡೆ ಬರುವುದು ನಿಲ್ಲುತ್ತದೆ, ಅಷ್ಟೇ. ಎದುರಿಗಿರುವುದು ಬರೀ ಕಂಪ್ಯೂಟರ್ ಎಂದು ಮೊದಲೇ ಹೇಳಿದ್ದರೂ ಆಡಿದವರ ಮನಸ್ಸು ಕುಗ್ಗಿದ್ದು 2004ರ ಪ್ರಯೋಗದಲ್ಲಿ ಕಂಡಿತು. ನನ್ನ ಎದುರಿಗಿದ್ದವರೋ ಒಂದನೇ ಕ್ಲಾಸಿನಿಂದ ಜೊತೆಗಿದ್ದವರು.

ಭಾನುವಾರ ಒಬ್ಬ ಫೋನ್ ಮಾಡಿದ. "ಜೀಪಲ್ಲಿ ಜಾಗ ಇರ್ಲಿಲ್ಲ ಕಣೋ." ಆ ಜೀಪಿನಲ್ಲಿ ಎಂಟು ಜನ ಕೂತು ಮದುವೆಗೆ ಹೋದದ್ದು ನೆನಪಿದೆ. "ಪರವಾಗಿಲ್ಲ ಬಿಡೋ" ಎಂದೆ. ತೋಟದ ಕಿತ್ತಳೆ ಒಂದು ಚೀಲ ಕಳಿಸುತ್ತೇನೆ ಎಂದೂ ಸೇರಿಸಿದೆ. ಯಾಕೆ ಹಾಗಂದೆನೋ.