ನೈಟ್ ಡ್ಯೂಟಿ ತಪ್ಪಿಸಿಕೊಳ್ಳಲು ಎಂ.ಎಸ್ಸಿ.

ನಮ್ಮ ಬ್ಯಾಚಿನಲ್ಲಿ ಯಾರೂ ಜ್ಞಾನದ ಹಸಿವಿಗೆ ಎಂ.ಎಸ್ಸಿ. ನರ್ಸಿಂಗ್ ಸೇರಿದವರಲ್ಲ. ಕಾಲೇಜಿನ ಸಂಚಿಕೆಯಲ್ಲೇ ಹೀಗೆ ಬರೆಯುತ್ತಿದ್ದೇನೆ, ಪ್ರಿನ್ಸಿಪಾಲ್ ಮ್ಯಾಡಮ್ ಬೇಜಾರು ಮಾಡಿಕೊಳ್ಳಬಾರದು. ಒಬ್ಬಳಿಗೆ ಮಂಗಳೂರಿನಲ್ಲಿ ಪಾಠ ಮಾಡುವ ಕೆಲಸ ಸಿಗುವುದಿತ್ತು, ಡಿಗ್ರಿ ಒಂದು ಬಾಕಿ ಇತ್ತು. ಇನ್ನೊಬ್ಬಳಿಗೆ ಮನೆಯಲ್ಲಿ ಗಂಡು ನೋಡುತ್ತಿದ್ದರು. ಓದ್ತಿದ್ದೀನಿ ಅಂದರೆ ಎರಡು ವರ್ಷ ಸುಮ್ಮನಿರುತ್ತಾರೆ ಅನ್ನೋದು ಅವಳ ಲೆಕ್ಕ. ನನಗೆ ನೈಟ್ ಡ್ಯೂಟಿ ಸಾಕಾಗಿತ್ತು.

ನಾನು ಮೊದಲು ಮಾಡಿದ್ದು ಜಿ.ಎನ್.ಎಂ., ಅಂದರೆ ನರ್ಸಿಂಗ್ ಡಿಪ್ಲೊಮಾ. ಆಮೇಲೆ ಒಂದು ಖಾಸಗಿ ಆಸ್ಪತ್ರೆಯ ಲೇಬರ್ ವಾರ್ಡ್. ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಸಂಬಳ ಎಷ್ಟಿತ್ತು ಅಂದರೆ ಬಾಳ್ಳುಪೇಟೆಯಿಂದ ಹಾಸನಕ್ಕೆ ಓಡಾಡುವ ಬಸ್ ಚಾರ್ಜು, ಮಗಳ ಸ್ಕೂಲ್ ಫೀಸು ಕಳೆದರೆ ಕೈಗೆ ಹತ್ತುವುದು ಏನೂ ಇರುತ್ತಿರಲಿಲ್ಲ. ನಡುವೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ., ಅಂದರೆ ಡಿಪ್ಲೊಮಾ ಆದವರು ಮಾಡುವ ಡಿಗ್ರಿ, ಎರಡು ವರ್ಷ ಮುಗಿಸಿಕೊಂಡು ಮತ್ತೆ ಅದೇ ವಾರ್ಡಿಗೆ ಬಂದೆ. ಅಷ್ಟರಲ್ಲಿ ನನಗಿಂತ ತುಂಬಾ ಚಿಕ್ಕವಳಾದ ಹುಡುಗಿ ಹೆಸರಿನ ಮುಂದೆ ಎಂ.ಎಸ್ಸಿ. ಹಾಕಿಕೊಂಡು ಇನ್‌ಚಾರ್ಜ್ ಆಗಿ ಬಂದಳು. ಒಳ್ಳೆಯ ಹುಡುಗಿಯೇ. ಆದರೆ ಅವಳಿಗೆ ಎಲ್ಲ ದಿನವೂ ಡೇ ಡ್ಯೂಟಿ, ನನಗೆ ಮಾತ್ರ ಎಂದಿನ ನೈಟ್. ಆ ತಿಂಗಳೇ ಅಪ್ಲಿಕೇಷನ್ ತಂದೆ.

ಎಂ.ಎಸ್ಸಿ.ಗೆ ಸೇರಲು ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್‌ನಲ್ಲಿ ಶೇ. 55 ಅಂಕ ಇರಬೇಕು, ನರ್ಸಿಂಗ್ ಕೌನ್ಸಿಲ್ ನೋಂದಣಿ ಇರಬೇಕು, ಕಡಿಮೆ ಅಂದರೂ ಒಂದು ವರ್ಷ ಕೆಲಸ ಮಾಡಿರಬೇಕು. ಈ ಒಂದು ವರ್ಷದ ನಿಯಮವನ್ನು ಇನ್ನೂ ಸ್ವಲ್ಪ ಜಾಸ್ತಿ ಮಾಡಿದರೂ ತಪ್ಪಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ವಾರ್ಡಿನಲ್ಲಿ ಬೈಸಿಕೊಳ್ಳದೆ ಬಂದವರಿಗೆ ಕ್ಲಾಸಿನಲ್ಲಿ ಕೇಳಲು ಪ್ರಶ್ನೆಗಳೇ ಇರುವುದಿಲ್ಲ.

ಫೀಸಿಗೆ ಮಾವ ಆಲೂಗಡ್ಡೆ ಮೇಲೆ ಭರವಸೆ ಇಟ್ಟಿದ್ದರು. ಆಲೂರು, ಹಾಸನದ ಕಡೆಯವರಿಗೆ ಈ ಭರವಸೆ ಎಂಥದ್ದು ಅಂತ ಗೊತ್ತು. ಮಳೆ ಹಿಡಿದುಕೊಂಡಿತು, ಅಂಗಮಾರಿ ರೋಗ ಬಂತು, ಗಿಡ ಕರಗಿಹೋಯಿತು. ಮೊದಲ ಕಂತು ಕಟ್ಟಿದ್ದು ಅತ್ತೆಯ ಸರ ಅಡ ಇಟ್ಟು. ಅತ್ತೆಗೆ ಎಂ.ಎಸ್ಸಿ. ಅಂದರೇನು ಅಂತ ತಿಳಿಯದು. "ಓದಿದ್ರೆ ರಾತ್ರಿ ಮನೇಲಿರ್ತೀಯಾ ತಾನೆ? ಹಂಗಾದ್ರೆ ಓದು ತಾಯಿ" ಅಂದರು. ಅದಕ್ಕಿಂತ ಹೆಚ್ಚಿನ ಕೆರಿಯರ್ ಕೌನ್ಸೆಲಿಂಗ್ ನನಗೆ ಬೇಕಾಗಿಯೂ ಇರಲಿಲ್ಲ.

2014ರಲ್ಲಿ ಸೇರಿದೆ. ನಾನು ತೆಗೆದುಕೊಂಡಿದ್ದು ಓಬಿಜಿ, ಅಂದರೆ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ. ಮೊದಲ ವರ್ಷ ನರ್ಸಿಂಗ್ ಎಜುಕೇಷನ್, ಅಡ್ವಾನ್ಸ್ಡ್ ನರ್ಸಿಂಗ್ ಪ್ರಾಕ್ಟೀಸ್, ರಿಸರ್ಚ್ ಮತ್ತು ಸ್ಟಾಟಿಸ್ಟಿಕ್ಸ್, ಜೊತೆಗೆ ಸ್ಪೆಷಾಲಿಟಿ. ಎರಡನೇ ವರ್ಷ ಮ್ಯಾನೇಜ್‌ಮೆಂಟ್, ಸ್ಪೆಷಾಲಿಟಿಯ ಉಳಿದ ಭಾಗ, ಡಿಸರ್ಟೇಷನ್ ಅಂದರೆ ಸಂಶೋಧನಾ ಪ್ರಬಂಧ. ಓರೆಮ್, ರಾಯ್, ಪೆಪ್ಲಾವ್ ಅಂತ ನರ್ಸಿಂಗ್ ಚಿಂತಕಿಯರ ಥಿಯರಿಗಳನ್ನು ಬಾಯಿಪಾಠ ಮಾಡಿದೆವು. ಅವರಲ್ಲಿ ಪೆಪ್ಲಾವ್ ಒಬ್ಬಳೇ ನನಗೆ ಹತ್ತಿರವಾದವಳು. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಒಂದು ಭಾಗ ಅಂತ 1952ರಲ್ಲೇ ಪುಸ್ತಕ ಬರೆದವಳು. ಮೈಕ್ರೋ ಟೀಚಿಂಗ್, ಅಂದರೆ ಪಾಠ ಮಾಡುವ ಅಭ್ಯಾಸದ ದಿನ ನನ್ನ ಗೆಳತಿಯ ಫ್ಲಾನೆಲ್ ಬೋರ್ಡಿನಿಂದ ಗರ್ಭಕೋಶ ಜಾರಿ ಕೆಳಗೆ ಬಿತ್ತು. "ಇದನ್ನೇ ಪ್ರೊಲ್ಯಾಪ್ಸ್ ಅಂತಾರೆ" ಅಂದುಬಿಟ್ಟಳು, ಗರ್ಭಕೋಶ ಜಾರುವ ಕಾಯಿಲೆಯ ಹೆಸರೇ ಅದು. ಎಕ್ಸಾಮಿನರ್ ಕೂಡ ನಕ್ಕರು.

ಸ್ಟಾಟಿಸ್ಟಿಕ್ಸ್ ಅಂದರೆ ನಮಗೆಲ್ಲ ಜ್ವರ. ಪಾಠಕ್ಕೆ ಹೊರಗಿನಿಂದ ಒಬ್ಬರು ಸರ್ ಬರುತ್ತಿದ್ದರು. ಅವರು ಮೊದಲ ಕ್ಲಾಸಿನಲ್ಲಿ ಸೂತ್ರ ಬರೆಯಲಿಲ್ಲ. ಬೋರ್ಡಿನ ಮೇಲೆ ಹೂವಿನ ದಳದಂತೆ ಒಂದು ಚಿತ್ರ ಬರೆದು, ಇದನ್ನು ಮಾಡಿದ್ದು ಯಾರು ಅಂತ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್, 1858. ಕ್ರಿಮಿಯಾ ಯುದ್ಧದಲ್ಲಿ ಸತ್ತ ಸೈನಿಕರಲ್ಲಿ ಗಾಯದಿಂದ ಸತ್ತವರಿಗಿಂತ ರೋಗದಿಂದ ಸತ್ತವರೇ ಎಷ್ಟು ಜಾಸ್ತಿ ಅಂತ ಸರ್ಕಾರಕ್ಕೆ ತೋರಿಸಲು ಆಕೆ ಬರೆದ ಚಿತ್ರ ಅದು. ಪ್ರತಿ ವರ್ಷ ಮೇ 12ಕ್ಕೆ ದೀಪ ಹಿಡಿದು ಪ್ರತಿಜ್ಞೆ ಮಾಡುತ್ತೇವಲ್ಲ, ಆ ದೀಪದ ಜೊತೆ ಒಂದು ಲೆಕ್ಕದ ಪುಸ್ತಕವನ್ನೂ ಇಡಬೇಕಿತ್ತು ಅಂತ ಸರ್ ತಮಾಷೆ ಮಾಡುತ್ತಿದ್ದರು. ಕೈ ಸ್ಕ್ವೇರ್ ಅನ್ನೋ ಸ್ಟಾಟಿಸ್ಟಿಕ್ಸ್ ಲೆಕ್ಕ ಇವತ್ತಿಗೂ ನನಗೆ ಪೂರ್ತಿ ಒಲಿದಿಲ್ಲ. ಆದರೆ ಎಣಿಸದೆ ಮಾತಾಡಬಾರದು ಅನ್ನೋದು ಅವತ್ತು ತಲೆಯಲ್ಲಿ ಕೂತಿತು.

ಪೋಸ್ಟಿಂಗ್ ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಲ್ಲಿ. ಅರಕಲಗೂಡು, ಬೇಲೂರು, ಸಕಲೇಶಪುರ ಎಲ್ಲ ಕಡೆಯಿಂದ ಬರುವ ಹೆರಿಗೆಗಳು. ನಮ್ಮ ಗೈಡ್ ಮ್ಯಾಡಮ್ ಹೆಚ್ಚು ಮಾತಾಡುವವರಲ್ಲ. ಕೇಸ್ ಶೀಟ್ ಕೈಗೆ ತಗೊಂಡು "ಯಾಕೆ?" ಅಂತ ಒಂದೇ ಕೇಳುವರು. ಈ ಡ್ರಿಪ್ ಯಾಕೆ? ಇವರನ್ನು ಮಲಗಿಸಿರೋದು ಯಾಕೆ, ಓಡಾಡಲಿ ಅಲ್ವಾ? ಡಾಕ್ಟರ್ ಹೇಳಿದ್ದಾರೆ ಮ್ಯಾಡಮ್ ಅಂದರೆ, "ಸರಿ, ಅವರು ಯಾಕೆ ಹೇಳಿದ್ರು?" ವರ್ಷಗಟ್ಟಲೆ ಲೇಬರ್ ವಾರ್ಡಿನಲ್ಲಿ ಇದ್ದು ಬಂದ ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ನಾನು ಕಂಡ ಹೆರಿಗೆಗಳಿಗೆ ಲೆಕ್ಕ ಇಲ್ಲ, ಇವರು ಪಾಠ ಹೇಳೋದಾ ಅಂತ.

ಪಾರ್ಟೋಗ್ರಾಫ್ ವಿಷಯದಲ್ಲಿ ಸಿಟ್ಟು ಇಳಿಯಿತು. ಹೆರಿಗೆ ನೋವು ಹೇಗೆ ಮುಂದುವರಿಯುತ್ತಿದೆ ಅಂತ ಗಂಟೆಗಂಟೆಗೆ ಗುರುತು ಹಾಕುವ ಹಾಳೆ ಅದು. ನಾವು ಓದುವಾಗ ಗರ್ಭಕೋಶದ ಬಾಯಿ 4 ಸೆಂ.ಮೀ. ತೆರೆದಾಗ ಶುರು ಮಾಡಬೇಕಿತ್ತು. ಗಂಟೆಗೆ 1 ಸೆಂ.ಮೀ. ಲೆಕ್ಕದಲ್ಲಿ ಅಲರ್ಟ್ ಲೈನ್, ಅದರಿಂದ ನಾಲ್ಕು ಗಂಟೆ ಆಚೆಗೆ ಆ್ಯಕ್ಷನ್ ಲೈನ್. ಗುರುತು ಮೊದಲ ಗೆರೆ ದಾಟಿದರೆ ಎಚ್ಚರ, ಎರಡನೆಯದನ್ನು ಮುಟ್ಟಿದರೆ ಏನಾದರೂ ಮಾಡಲೇಬೇಕು. ನಾನು ಹಿಂದೆ ಇದ್ದ ಆಸ್ಪತ್ರೆಯಲ್ಲಿ ಈ ಹಾಳೆಯನ್ನು ಹೆರಿಗೆ ಮುಗಿದ ಮೇಲೆ, ಮಗುವನ್ನು ತೂಕ ಮಾಡಿ, ಕಾಫಿ ಕುಡಿದು, ನಿಧಾನಕ್ಕೆ ತುಂಬಿಸುವ ಪದ್ಧತಿ ಇತ್ತು. ಎಲ್ಲರ ಗೆರೆಯೂ ಅಲರ್ಟ್ ಲೈನಿನ ಮೇಲೆ ಸ್ಕೇಲ್ ಇಟ್ಟಂತೆ ಇರುತ್ತಿತ್ತು. ಪೋಸ್ಟಿಂಗ್‌ನಲ್ಲಿ ಪಕ್ಕದಲ್ಲೇ ನಿಂತು ಗಂಟೆಗಂಟೆಗೆ ತುಂಬಿಸಿದಾಗ ಗೆರೆ ಹಾಗೆ ನೆಟ್ಟಗೆ ಹೋಗುವುದೇ ಇಲ್ಲ ಅಂತ ಕಂಡಿತು. ಒಬ್ಬೊಬ್ಬ ತಾಯಿಯದು ಒಂದೊಂದು ದಾರಿ. ನಾವು ಓದಿ ಹೊರಬಂದ ಮೇಲೆ, 2018ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯೇ ಗಂಟೆಗೆ 1 ಸೆಂ.ಮೀ. ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ, ಚುರುಕು ನೋವಿನ ಹಂತವನ್ನು 5 ಸೆಂ.ಮೀ.ನಿಂದ ಎಣಿಸಿ ಅಂದಿತು. 2020ರಲ್ಲಿ ಹೊಸ ಹಾಳೆಯೂ ಬಂತು, ಲೇಬರ್ ಕೇರ್ ಗೈಡ್ ಅಂತ. ನಾವು ರಾತ್ರಿಯಿಡೀ ಉರು ಹೊಡೆದದ್ದು ಹಳೆಯದಾಗಿ ಹೋಯಿತು, ನೋಡಿ.

ಇನ್ನು ಡಿಸರ್ಟೇಷನ್. ನಮ್ಮ ಲೈಬ್ರರಿಯ ಕಪಾಟು ನೋಡಿದವರಿಗೆ ಗೊತ್ತು. ಮುಕ್ಕಾಲು ಪಾಲು ಪುಸ್ತಕಗಳ ಬೆನ್ನ ಮೇಲೆ ಒಂದೇ ಶೀರ್ಷಿಕೆ: ಇಂಥ ವಿಷಯದ ಬಗ್ಗೆ ಇಂಥವರ ತಿಳಿವಳಿಕೆಯ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂನ ಪರಿಣಾಮ. ಪ್ರೀ ಟೆಸ್ಟ್, ಚಾರ್ಟ್ ತೋರಿಸಿ ಮುಕ್ಕಾಲು ಗಂಟೆ ಪಾಠ, ಒಂದು ವಾರ ಬಿಟ್ಟು ಪೋಸ್ಟ್ ಟೆಸ್ಟ್. ಪಾಠ ಮಾಡಿದ ಮೇಲೆ ಅಂಕ ಜಾಸ್ತಿ ಬರದೆ ಇರುತ್ತದೆಯೇ? ಫಲಿತಾಂಶ ಆಕಸ್ಮಿಕ ಅಲ್ಲ ಅಂತ ತೋರಿಸುವ ಪಿ ಮೌಲ್ಯ 0.05ಕ್ಕಿಂತ ಕಡಿಮೆ, ಡಿಗ್ರಿ ಗ್ಯಾರಂಟಿ. ನಾನೂ ಅದನ್ನೇ ಆರಿಸಿಕೊಂಡೆ. ಬಸುರಿಯರ ರಕ್ತಹೀನತೆ, ಕಬ್ಬಿಣಾಂಶದ ಮಾತ್ರೆ, ಸಕಲೇಶಪುರದ ಕಡೆಯ ಕಾಫಿ ತೋಟಗಳ ಲೈನ್ ಮನೆಗಳು, ಅಂದರೆ ಕೂಲಿಯವರ ಸಾಲುಮನೆಗಳು. ಊರಿಗೆ ಹತ್ತಿರ, ಬಸ್ ಚಾರ್ಜು ಕಡಿಮೆ, ಅದೇ ಮುಖ್ಯ ಕಾರಣ.

ಟೂಲ್, ಅಂದರೆ ಪ್ರಶ್ನಾವಳಿ ರೆಡಿ ಮಾಡಿ, ತಜ್ಞರ ಸಹಿ ಹಾಕಿಸಿ, ಎಥಿಕಲ್ ಕಮಿಟಿ ಒಪ್ಪಿಗೆ ತಗೊಂಡು ಪೈಲಟ್ ಸ್ಟಡಿಗೆ, ಅಂದರೆ ಮೊದಲ ಪ್ರಯೋಗಕ್ಕೆ ಹೋದೆ. ಅಲ್ಲೇ ಎಡವಟ್ಟು ಕಾದಿತ್ತು. ಮಾತ್ರೆ ಯಾಕೆ ತಗೋಬೇಕು ಅಂತ ಕೇಳಿದರೆ ಎಲ್ಲರಿಗೂ ಉತ್ತರ ಗೊತ್ತು. "ರಕ್ತ ಆಗಕ್ಕೆ ಸಿಸ್ಟರ್." ಆಶಾ ಅಕ್ಕಂದಿರು ಹೇಳಿ ಹೇಳಿ ಎಲ್ಲರಿಗೂ ಬಾಯಿಗೆ ಬಂದಿತ್ತು. ಪ್ರೀ ಟೆಸ್ಟಿನಲ್ಲೇ ಇಷ್ಟು ಅಂಕ ಬಂದರೆ ನನ್ನ ಪಾಠಕ್ಕೆ ಏನು ಕೆಲಸ? ಆದರೆ ತಾಯಿ ಕಾರ್ಡ್ ತೆಗೆದು ನೋಡಿದರೆ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗೆ, ಬಸುರಿಯರಲ್ಲಿ ಅದೇ ರಕ್ತಹೀನತೆ. ಮಾತ್ರೆಯ ಪಟ್ಟಿಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಗೇ ಇವೆ.

ಗೈಡ್ ಮ್ಯಾಡಮ್‌ಗೆ ಫೋನ್ ಮಾಡಿದೆ. ಆ ಕಡೆಯಿಂದ ಅದೇ ಪ್ರಶ್ನೆ, "ಯಾಕೆ?" ಕೇಳಿಕೊಂಡು ಬಾ, ಟೂಲ್ ಪಕ್ಕಕ್ಕಿಟ್ಟು ಸುಮ್ನೆ ಕೂತು ಮಾತಾಡಿಸು ಅಂದರು.

ಕೂತೆ. ಕೊಯ್ಲಿನ ಕಾಲ, ಅರೇಬಿಕಾ ಹಣ್ಣು ಬಿಡಿಸುತ್ತಿದ್ದರು. ಹಗಲು ಲೈನ್ ಮನೆಗಳಲ್ಲಿ ಮುದುಕಿಯರು, ಕೋಳಿಗಳು ಬಿಟ್ಟರೆ ಯಾರೂ ಇರುವುದಿಲ್ಲ. ಸಂಜೆ ಹಣ್ಣು ಅಳೆದು ಕೊಟ್ಟು ಬಂದ ಮೇಲೆ ಒಲೆ ಮುಂದೆ ಮಾತು. ಒಬ್ಬ ಹುಡುಗಿ ಹೇಳಿದಳು: "ಬೆಳಗ್ಗೆ ಬೇಗ ತೋಟಕ್ಕೆ ಹೋಗ್ಬೇಕು ಸಿಸ್ಟರ್. ಖಾಲಿ ಹೊಟ್ಟೆಲಿ ಕಾಫಿ ಜೊತೆ ಮಾತ್ರೆ ನುಂಗ್ತಿದ್ದೆ. ಗಿಡ ಬಗ್ಗಿಸ್ತಾ ನಿಂತ್ರೆ ಹೊಟ್ಟೆ ತೊಳಸಿ ವಾಂತಿ ಬರೋದು. ಕೂಲಿ ಕಳ್ಕೊಳಕ್ಕಾಗುತ್ತಾ? ಮಾತ್ರೆ ಬಿಟ್ಟೆ." ಇನ್ನೊಬ್ಬಳಿಗೆ ಮಗು ಕಪ್ಪಾಗುತ್ತೆ ಅಂತ ಅತ್ತೆ ಬಿಡಿಸಿದ್ದರು. ಮತ್ತೊಬ್ಬಳು ದಿನವೂ ತಪ್ಪದೆ ತಗೊಳ್ಳುತ್ತಿದ್ದಳು, ಆದರೆ ಬೆಲ್ಲದ ಕಾಫಿ ಜೊತೆಗೆ. ಕಾಫಿ, ಟೀಯಲ್ಲಿರುವ ಅಂಶಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ, ಮೈಗೆ ಹತ್ತಲು ಬಿಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ ಜೊತೆಗೆ ನುಂಗಿದರೂ ಅದೇ ಕಥೆ.

ಅವರಿಗೆ ಬೇಕಾಗಿದ್ದದ್ದು ತಿಳಿವಳಿಕೆ ಆಗಿರಲಿಲ್ಲ, ಮಾತ್ರೆ ನುಂಗಲು ಸರಿಯಾದ ಒಂದು ಹೊತ್ತು. ರಾತ್ರಿ ಊಟ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಮಲಗುವ ಮುಂಚೆ ನಿಂಬೆರಸದ ಜೊತೆ ತಗೊಳ್ಳಿ, ತೊಳಸಿದರೂ ನಿದ್ದೆಯಲ್ಲಿ ಕಳೆದುಹೋಗುತ್ತದೆ ಅಂತ ಹೇಳಿದೆ. ಕಕ್ಕಸು ಕಪ್ಪಗಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ ಅಂತಲೂ ಹೇಳಿದೆ. ಆಗಿನ್ನೂ ಕೊಡುತ್ತಿದ್ದದ್ದು 100 ಮಿ.ಗ್ರಾಂ. ಕಬ್ಬಿಣದ ಮಾತ್ರೆ. 2018ರಲ್ಲಿ ಕೇಂದ್ರ ಸರ್ಕಾರದ ರಕ್ತಹೀನತೆ ತಡೆಯುವ ಕಾರ್ಯಕ್ರಮ ಅನೀಮಿಯಾ ಮುಕ್ತ್ ಭಾರತ್ ಬಂದಾಗ ಅದನ್ನು 60ಕ್ಕೆ ಇಳಿಸಿದರು. ಇಳಿಸಿದ ಸುದ್ದಿ ಓದಿದಾಗ ನನಗೆ ವಾಂತಿ ತಾಳಲಾರದೆ ಮಾತ್ರೆ ಬಿಟ್ಟ ಆ ಹುಡುಗಿಯ ನೆನಪಾಯಿತು.

ಡಿಸರ್ಟೇಷನ್ ಶೀರ್ಷಿಕೆ ಮಾತ್ರ ಬದಲಾಗಲಿಲ್ಲ. ಸಿನಾಪ್ಸಿಸ್, ಅಂದರೆ ಪ್ರಬಂಧದ ರೂಪುರೇಷೆ ಆಗಲೇ ಬೆಂಗಳೂರಿಗೆ, ಯೂನಿವರ್ಸಿಟಿಗೆ ಹೋಗಿಯಾಗಿತ್ತು. ಹಾಗಾಗಿ ನನ್ನ ಪುಸ್ತಕವೂ ಅದೇ ಕಪಾಟಿನಲ್ಲಿ ಅದೇ ಥರದ ಹೆಸರು ಹೊತ್ತು ಕೂತಿದೆ. ಒಲೆ ಮುಂದಿನ ಮಾತು ಡಿಸ್ಕಷನ್ ಅಧ್ಯಾಯದಲ್ಲಿ ಒಂದೂವರೆ ಪುಟ ಇದೆ. ಯಾರಾದರೂ ತೆಗೆದು ಓದುವುದಿದ್ದರೆ ಅದನ್ನಷ್ಟೇ ಓದಿ, ಟೇಬಲ್‌ಗಳನ್ನು ಬಿಟ್ಟುಬಿಡಿ.

2016ರಲ್ಲಿ ಮುಗಿಯಿತು. ನೈಟ್ ಡ್ಯೂಟಿ ತಪ್ಪಿತು. ಈಗ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ, ಸಂಬಳ ಪರವಾಗಿಲ್ಲ, ಅತ್ತೆಯ ಸರ ಬಿಡಿಸಿಕೊಟ್ಟಾಗಿದೆ. ಆದರೆ ಒಂದು ಮಾತು ಯಾರೂ ಮೊದಲೇ ಹೇಳಿರಲಿಲ್ಲ. ನಮ್ಮಲ್ಲಿ ಎಂ.ಎಸ್ಸಿ. ಮಾಡಿದ ನರ್ಸನ್ನು ರೋಗಿಯ ಹತ್ತಿರ ಇಟ್ಟುಕೊಳ್ಳುವುದಕ್ಕೆ ಜಾಗವೇ ಕಡಿಮೆ. ಓದಿ ಜಾಣಳಾದವಳನ್ನು ಬೋರ್ಡಿನ ಮುಂದೆ ನಿಲ್ಲಿಸುತ್ತಾರೆ, ಇಲ್ಲವೇ ಆಫೀಸಿನಲ್ಲಿ ಡ್ಯೂಟಿ ಚಾರ್ಟ್ ಬರೆಯಲು ಕೂರಿಸುತ್ತಾರೆ. ಯಾಕೆ ಅಂತ ಕೇಳಲು ಕಲಿತವಳು ಕೇಳಬೇಕಾದ ಜಾಗದಲ್ಲೇ ಇರುವುದಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಕ್ರಿಟಿಕಲ್ ಕೇರ್‌ನಲ್ಲಿ ನರ್ಸ್ ಪ್ರಾಕ್ಟೀಷನರ್, ಅಂದರೆ ರೋಗಿಯ ಪಕ್ಕದಲ್ಲೇ ಇದ್ದು ಹೆಚ್ಚಿನ ಜವಾಬ್ದಾರಿ ಹೊರುವ ನರ್ಸಿನ ಕೋರ್ಸ್ ಬಂದಿದೆ. 2018ರಿಂದ ಹೆರಿಗೆ ವಿಭಾಗಕ್ಕೂ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಅಂತ ಕೇಂದ್ರ ಸರ್ಕಾರ ಶುರು ಮಾಡಿದೆ, ಸಹಜ ಹೆರಿಗೆಯನ್ನು ಅವರೇ ನೋಡಿಕೊಳ್ಳಲಿ ಅಂತ. ನಾನು ಇನ್ನೂ ಚಿಕ್ಕವಳಾಗಿದ್ದರೆ ಅದಕ್ಕೇ ಹೋಗುತ್ತಿದ್ದೆ. ಪಾಠ ಮಾಡುವ ಆಸೆ ಇದ್ದವರು ಎಂ.ಎಸ್ಸಿ. ಮಾಡಿ, ಅದಿಲ್ಲದೆ ಲೆಕ್ಚರರ್ ಆಗಲು ಆಗುವುದಿಲ್ಲ. ವಾರ್ಡ್ ಬಿಡಲು ಮನಸ್ಸಿಲ್ಲದವರು ಫೀಸು ಕಟ್ಟುವ ಮುಂಚೆ ಈ ಕೋರ್ಸುಗಳ ಬಗ್ಗೆ ವಿಚಾರಿಸಿ.

ಈಗ ಎರಡನೇ ವರ್ಷದಲ್ಲಿರುವವರು ಕೆಲವರು ಫೋನ್ ಮಾಡುತ್ತಾರೆ, ಮ್ಯಾಡಮ್, ನಿಮ್ಮ ಕಡೆ ತೋಟಗಳಲ್ಲಿ ಡಿಸರ್ಟೇಷನ್‌ಗೆ ಸ್ಯಾಂಪಲ್, ಅಂದರೆ ಮಾತಾಡಿಸಲು ಜನ ಸಿಗುತ್ತಾರಾ ಅಂತ. ಸಿಗುತ್ತಾರೆ, ಬನ್ನಿ. ಮೊದಲು ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಮಾತಾಡಿ, ಆಮೇಲೆ ಆಶಾ ಅಕ್ಕನ ಹತ್ತಿರ. ಡಿಸೆಂಬರ್, ಜನವರಿ ಬೇಡ, ಕೊಯ್ಲು ಇರುತ್ತೆ. ಬರಲೇಬೇಕು ಅಂದರೆ ಸಂಜೆ ಬನ್ನಿ, ವಾಪಸ್ ಬಸ್ಸಿನ ಟೈಮ್ ಕೇಳಿಕೊಂಡು ಬನ್ನಿ. ಬಸ್ ತಪ್ಪಿದರೆ ಬಾಳ್ಳುಪೇಟೆಯಲ್ಲಿ ನಮ್ಮನೆ ಇದೆ.