ಟ್ಯಾಂಕ್ ಮೀಟರ್, 11ನೇ ವಾರ: ಟೆಸ್ಟಿಂಗ್ ಕಾಲಂ ಕೊನೆಗೂ ಖಾಲಿ

ತಾರಸಿಯ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ತೋರಿಸುವ ಮೀಟರ್ ಮಾಡುತ್ತಿದ್ದೇವೆ. ಒಂದೊಂದು ಕೆಲಸಕ್ಕೂ ಒಂದು ಚೀಟಿ, ಅದು ಬೋರ್ಡಿನ ಮೇಲೆ ಕಾಲಂನಿಂದ ಕಾಲಂಗೆ ಸಾಗುತ್ತದೆ. ಇವತ್ತು ಬೋರ್ಡಿನ ಟೆಸ್ಟಿಂಗ್ ಕಾಲಂನಲ್ಲಿ ಒಂದೂ ಚೀಟಿ ಇಲ್ಲ. ತುಂಬಾ ಖುಷಿಯಾಗಿದೆ.

ನಾವು ನಾಲ್ಕು ಜನ, ವಾರಕ್ಕೆ ಎರಡು ಸಂಜೆ, ಎರಡು ವಾರದ ಸ್ಪ್ರಿಂಟ್ (ಇಷ್ಟು ಕೆಲಸ ಮುಗಿಸುತ್ತೇವೆ ಎಂದು ಎತ್ತಿಕೊಳ್ಳುವ ಅವಧಿ). ಮೊದಲ ನಾಲ್ಕು ಸ್ಪ್ರಿಂಟಿನಲ್ಲಿ ಎತ್ತಿಕೊಂಡ ಕೆಲಸ ಅದೇ ಸ್ಪ್ರಿಂಟಿನಲ್ಲಿ ಮುಗಿದದ್ದೇ ಇಲ್ಲ. ಕೋಡ್ ಬರೆಯುವವಳು ಬರೆಯುತ್ತಲೇ ಇದ್ದಳು, ಡಬ್ಬಿ ಕೊರೆಯುವವನು ಕೊರೆಯುತ್ತಲೇ ಇದ್ದ, ಯಾರೂ ಸುಮ್ನೆ ಕೂತಿರಲಿಲ್ಲ, ಆದರೂ ಟ್ಯಾಂಕಿನ ಮೇಲೆ ಓಡುವ ಮೀಟರ್ ಮಾತ್ರ ಇಲ್ಲ.

ಕೊನೆಗೆ ಎಣಿಸಿದೆ. ಶುರುವಾಗಿ ಮುಗಿಯದ ಚೀಟಿ 12, ವಾರಕ್ಕೆ ಮುಗಿಯುವುದು 2. ಲಿಟಲ್ ನಿಯಮದ ಪ್ರಕಾರ (ನಡೆಯುತ್ತಿರುವ ಕೆಲಸವನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಸರಾಸರಿ ಸಮಯ) ಒಂದೊಂದು ಚೀಟಿಗೂ ಸರಾಸರಿ 6 ವಾರ! ಎರಡು ವಾರದ ಸ್ಪ್ರಿಂಟಿನಲ್ಲಿ ಅದು ಮುಗಿಯುವುದಾದರೂ ಹೇಗೆ, ಅಲ್ವಾ? 12ರಲ್ಲಿ 7 ಟೆಸ್ಟಿಂಗ್‌ನಲ್ಲೇ ಸಿಕ್ಕಿಕೊಂಡಿದ್ದವು. ಟೆಸ್ಟಿಂಗ್ ನಡೆಯಬೇಕಾದದ್ದು ತಾರಸಿಯಲ್ಲಿ, ಅದರ ಬೀಗದ ಕೈ ಒಬ್ಬನ ಹತ್ತಿರ, ಅವನಿಗೆ ಶಿಫ್ಟ್ ಕೆಲಸ. ಉಳಿದವರು ಕಾಯುವ ಬದಲು ಹೊಸ ಚೀಟಿ ಎತ್ತುತ್ತಿದ್ದೆವು.

ಒಂದು ಸಲಕ್ಕೆ ಎಷ್ಟು ಚೀಟಿ ಇರಬಹುದು ಎಂದು ಮಿತಿ ಹಾಕಿದೆವು. ಟೆಸ್ಟಿಂಗ್‌ಗೆ 2, ಇಡೀ ಬೋರ್ಡಿಗೆ 4. ಮೊದಲ ದಿನವೇ ಜಗಳ: "ಕಾಲಂ ತುಂಬಿದರೆ ನಾನೇನು ಮಾಡಲಿ?" ತಾರಸಿಗೆ ಹೋಗಿ ಟೆಸ್ಟಿಂಗ್‌ಗೆ ಕೈಜೋಡಿಸು, ಅಷ್ಟೇ. ಟೊಯೋಟಾದಲ್ಲಿ ಇಂಜಿನಿಯರ್ ತಯೀಚಿ ಓನೋ ಕಾನ್‌ಬಾನ್ (ಚೀಟಿ ಹಿಡಿದು ಕೆಲಸ ಸಾಗಿಸುವ ಪದ್ಧತಿ) ಕಟ್ಟಿದ್ದೂ ಇದರ ಮೇಲೇ: ಮುಂದಿನವರು ಕೇಳಿದಷ್ಟನ್ನೇ ಹಿಂದಿನವರು ಮಾಡಬೇಕು. ಮರುದಿನವೇ ಇನ್ನೊಂದು ಬೀಗದ ಕೈ ಮಾಡಿಸಿದೆವು. ಎಂಟು ವಾರ ಯಾರಿಗೂ ಹೊಳೆಯದ ಕೆಲಸ ಅದು!

ಜಾಸ್ತಿ ತಲೆ ತಿಂದದ್ದು ಸೆನ್ಸರ್ ಚೀಟಿ. ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ (ಶಬ್ದ ಕಳಿಸಿ ಪ್ರತಿಧ್ವನಿಯಿಂದ ನೀರಿನ ಮಟ್ಟ ಅಳೆಯುವ) ಸೆನ್ಸರ್ ಕೇಳಿದರೆ ಅಂಗಡಿಯವರು ಎರಡು ಸಲ ತೆರೆದ ಮುಖದ್ದನ್ನೇ ಕಳಿಸಿದರು. ಟ್ಯಾಂಕಿನ ತೇವಕ್ಕೆ ಅದು ಬಾಳುವುದಿಲ್ಲ ಎಂದು ಎಷ್ಟು ಸಲ ಹೇಳುವುದು! ಬಿಡಿಭಾಗಕ್ಕೆ ಕಾಯುವ ಚೀಟಿಯನ್ನು ಮಿತಿಯೊಳಗೆ ಎಣಿಸಬೇಕಾ ಬೇಡವಾ ಎಂದು ಒಂದು ಸಂಜೆ ಪೂರ್ತಿ ವಾದ. ಎಣಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಕ್ಕಕ್ಕಿಟ್ಟರೆ ಎಲ್ಲರೂ ಮರೆಯುತ್ತಾರೆ. ಎಣಿಸಿದ್ದಕ್ಕೇ ದಿನಾ ಯಾರಾದರೊಬ್ಬರು ಅಂಗಡಿಗೆ ಫೋನ್ ಮಾಡಿದರು, ಮೂರನೇ ಸಲ ಸರಿಯಾದದ್ದು ಬಂತು.

ಈಚಿನ ಐದು ಚೀಟಿಗಳು ತಲಾ 9ರಿಂದ 13 ದಿನದಲ್ಲಿ ಮುಗಿದಿವೆ. ಯಾವ ಕೆಲಸಕ್ಕೆ ಎಷ್ಟು ದಿನ ಎನ್ನುವ ಅಂದಾಜಿನ ಮಾತನ್ನೇ ಈ ಸ್ಪ್ರಿಂಟಿನಲ್ಲಿ ಎತ್ತಿಲ್ಲ.

ಮುಂದಿನದು ತಾರಸಿಯ ಟೊಮೆಟೊ ಗಿಡಗಳಿಗೆ ಹನಿ ನೀರಾವರಿ. ಬೋರ್ಡ್ ಆಗಲೇ ಬರೆದಾಗಿದೆ, ಮಿತಿ 3. ಮೊದಲ ಚೀಟಿ ವಾಲ್ವ್‌ನದು. ತುಂಬಾ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ) ವಾಲ್ವ್‌ಗಳಿಗೆ ತೆರೆಯಲು ಒಂದಿಷ್ಟು ನೀರಿನ ಒತ್ತಡ ಬೇಕು, ನಮ್ಮ ಟ್ಯಾಂಕ್ ಗಿಡಗಳಿಗಿಂತ ಒಂದು ಆಳೆತ್ತರವಷ್ಟೇ ಮೇಲಿದೆ. ಇಷ್ಟು ಕಡಿಮೆ ಒತ್ತಡಕ್ಕೆ ತೆರೆಯುವ ವಾಲ್ವ್ ಯಾರಾದರೂ ಬಳಸಿದ್ದರೆ ದಯವಿಟ್ಟು ಹೇಳಿ.